ಬಳ್ಳಾರಿ ಸೀಮೆಯ ಹಳೆಯ ಸಭೆಗಳು ಮತ್ತು ಅವುಗಳ ಕಾಗದಪತ್ರ

1810ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದಾಗ ಈ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಕೈ ಸೇರಿ ಹತ್ತೇ ವರ್ಷವಾಗಿತ್ತು. 1800ರಲ್ಲಿ ಹೈದರಾಬಾದಿನ ನಿಜಾಮರು ಬಿಟ್ಟುಕೊಟ್ಟ ದತ್ತಮಂಡಲದಲ್ಲಿ ಥಾಮಸ್ ಮನ್ರೋ ಏಳು ವರ್ಷ ನೆಲ ಅಳೆಸಿ ಕಂದಾಯ ಕಟ್ಟಿ ಹೋಗಿದ್ದರು. 1808ರಲ್ಲಿ ಅದು ಒಡೆದು ಬಳ್ಳಾರಿ, ಕಡಪ ಎಂಬ ಎರಡು ಜಿಲ್ಲೆಗಳಾಗಿತ್ತು. ಊರಲ್ಲಿ ದೊಡ್ಡ ದಂಡಿತ್ತು. ದಂಡಿನ ಬೆನ್ನಿಗೆ ಮದ್ರಾಸಿನ ಕಡೆಯಿಂದ ತಮಿಳು ಮಾತಿನ ಅಡುಗೆಯವರು, ಅಂಗಡಿಯವರು, ಸಿಪಾಯಿಗಳ ಮನೆಮಂದಿ ಬಂದು ನೆಲೆಸಿದ್ದರು. ಹ್ಯಾಂಡ್ಸ್ ಹೊರಟದ್ದು ಶ್ರೀರಂಗಪಟ್ಟಣಕ್ಕೆಂದು. ಆದರೆ 1806ರ ವೆಲ್ಲೂರಿನ ಸಿಪಾಯಿ ದಂಗೆಯ ಭಯ ಕಂಪನಿಯವರ ಮನಸ್ಸಿನಿಂದ ಇನ್ನೂ ಹೋಗಿರಲಿಲ್ಲ. ಮಿಷನರಿಗಳ ಬಗ್ಗೆ ಅಧಿಕಾರಿಗಳಿಗೆ ಅನುಮಾನವಿದ್ದ ಕಾಲ ಅದು. ಕೊನೆಗೆ ಅವರಿಗೆ ನೆಲೆ ಸಿಕ್ಕಿದ್ದು ಬಳ್ಳಾರಿಯಲ್ಲಿ. ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಅದಕ್ಕೂ ಇಪ್ಪತ್ತನಾಲ್ಕು ವರ್ಷ ಮೊದಲೇ ಬಳ್ಳಾರಿಯಲ್ಲಿ ಕನ್ನಡ ಕಲಿತು, ಕನ್ನಡದಲ್ಲಿ ಬರೆದು, ಕನ್ನಡದಲ್ಲಿ ಉಪದೇಶ ಮಾಡುವ ಕೆಲಸ ಶುರುವಾಗಿತ್ತು.

ಇಷ್ಟು ಹಳೆಯ ಸಭೆಯ ಚರಿತ್ರೆ ನಮ್ಮಲ್ಲಿ ಇನ್ನೂ ಅರ್ಧವೇ ಬರೆಯಲಾಗಿದೆ. ಬಂದವರ ಕತೆ ಚೆನ್ನಾಗಿ ಬರೆಯಲ್ಪಟ್ಟಿದೆ, ಸಭೆಗೆ ಸೇರಿದವರದು ಬರೆಯದೇ ಉಳಿದಿದೆ. ಇದಕ್ಕೆ ಸೇರಿದವರ ಬದುಕು ಸಣ್ಣದೆಂಬುದು ಕಾರಣವಲ್ಲ. ಯಾರ ಕಾಗದ ಎಲ್ಲಿಗೆ ಹೋಯಿತು, ಯಾರ ಕಾಗದ ಇಲ್ಲೇ ಉಳಿಯಿತು ಎಂಬುದು ಕಾರಣ. ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಪ್ರೊಟೆಸ್ಟೆಂಟ್ ಕುಟುಂಬಗಳ ಹಿಂದಿನ ತಲೆಮಾರುಗಳನ್ನು ಹುಡುಕುವವರು ಮೊದಲು ಈ ಕಾಗದಗಳ ದಾರಿಯನ್ನು ತಿಳಿಯಬೇಕು.

ಗೊತ್ತಿರುವುದರಿಂದಲೇ ಶುರುಮಾಡೋಣ. ಹ್ಯಾಂಡ್ಸ್ ಸತ್ಯವೇದವನ್ನು ಕನ್ನಡಕ್ಕೆ ತರುವ ಕೆಲಸ ಹಿಡಿದರು. ಕೆಲವು ವರ್ಷಗಳ ಮೇಲೆ ಬಂದ ವಿಲಿಯಂ ರೀವ್ ಅವರಿಗೆ ಜೊತೆಯಾದರು. ಇಡೀ ಸತ್ಯವೇದ ಕನ್ನಡದಲ್ಲಿ ಅಚ್ಚಾಗಿ ಮುಗಿದದ್ದು 1831ರ ಹೊತ್ತಿಗೆ. ರೀವ್ ಅವರದೇ ಇನ್ನೊಂದು ದೊಡ್ಡ ಕೆಲಸ ನಿಘಂಟು: 1824ರಲ್ಲಿ ಇಂಗ್ಲಿಷ್–ಕನ್ನಡ, 1832ರಲ್ಲಿ ಕನ್ನಡ–ಇಂಗ್ಲಿಷ್, ಎರಡೂ ಮದ್ರಾಸಿನಲ್ಲಿ ಅಚ್ಚಾದವು. ಅದಕ್ಕೆ ಮುಂಚೆ ಕನ್ನಡಕ್ಕೆ ಶ್ರೀರಾಂಪುರದ ವಿಲಿಯಂ ಕೇರಿಯ 1817ರ ವ್ಯಾಕರಣವೂ ಮೆಕೆರಲ್ಲರ 1820ರ ವ್ಯಾಕರಣವೂ ಬಂದಿದ್ದವು; ದೊಡ್ಡ ಪ್ರಮಾಣದ ಕನ್ನಡ–ಇಂಗ್ಲಿಷ್ ನಿಘಂಟು ಮಾತ್ರ ಇರಲಿಲ್ಲ. 1858ರಲ್ಲಿ ಡೇನಿಯಲ್ ಸ್ಯಾಂಡರ್ಸನ್ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟನ್ನು ಪರಿಷ್ಕರಿಸಿದರು. 1894ರಲ್ಲಿ ಕಿಟೆಲ್ ಕೋಶ ಬಂದಾಗ ಅದರ ಅಡಿಪಾಯದಲ್ಲಿ ರೀವ್ ಅವರ ದುಡಿಮೆಯೂ ಇತ್ತು. ಕಿಟೆಲ್ ಹೆಸರು ಗೊತ್ತಿಲ್ಲದ ಕನ್ನಡ ಮೇಷ್ಟ್ರು ಸಿಗುವುದಿಲ್ಲ. ರೀವ್ ಹೆಸರನ್ನು ಬಳ್ಳಾರಿಯಲ್ಲೇ ಬಹಳ ಜನ ಕೇಳಿಲ್ಲ. ಇದು ಸರಿಹೋಗಬೇಕು.

ಮಿಷನ್ನಿನ ಅಚ್ಚುಕೂಟದ್ದೂ ಹಾಗೇ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಹೊರತಂದರು. ಮರುವರ್ಷ ಅದು ‘ಕನ್ನಡ ಸಮಾಚಾರ’ವೆಂಬ ಹೆಸರಿನಲ್ಲಿ ಬಳ್ಳಾರಿಯಲ್ಲಿ ಅಚ್ಚಾಗತೊಡಗಿತು. ಮೊಳೆ ಜೋಡಿಸಿ ಅಚ್ಚುಮಾಡುವ ಅನುಕೂಲ ಆಗ ಬಳ್ಳಾರಿಯಲ್ಲಿತ್ತು. ಪ್ರತಿವರ್ಷ ಜುಲೈ 1ರಂದು ಪತ್ರಿಕಾ ದಿನ ಆಚರಿಸುವ ನಾವು ಆ ಪತ್ರಿಕೆಯ ಎರಡನೆಯ ಮನೆಯನ್ನೂ ನೆನೆಯಬೇಕು. ಆ ಮೊಳೆ ಜೋಡಿಸಿದವರು, ಕರಡು ತಿದ್ದಿದ ಮುನ್ಷಿಗಳು, ಅನುವಾದಕರ ಪಕ್ಕದಲ್ಲಿ ಕೂತು ‘ಹೀಗಲ್ಲ, ಹೀಗೆ ಹೇಳಬೇಕು’ ಎಂದು ತಿದ್ದಿದ ಪಂಡಿತರು ಯಾರು? ಮಿಷನರಿಗಳ ಪತ್ರಗಳಲ್ಲಿ ಅವರು ಬಹುಪಾಲು ‘ನನ್ನ ಮುನ್ಷಿ’ ಎಂದಷ್ಟೇ ಬರುತ್ತಾರೆ. ಕನ್ನಡ ಗದ್ಯದ ಒಂದು ಮುಖ್ಯ ಘಟ್ಟ ಅವರ ಕೈಯಿಂದ ಹಾದುಬಂದಿದೆ; ಅವರನ್ನು ಹೆಸರಿಟ್ಟು ಗುರುತಿಸುವುದು ಸಭೆಯ ಚರಿತ್ರೆಗಷ್ಟೇ ಅಲ್ಲ, ಕನ್ನಡದ ಚರಿತ್ರೆಗೂ ಬೇಕಾದ ಕೆಲಸ.

ಬಂದವರ ಕತೆ ಯಾಕೆ ಉಳಿಯಿತೆಂಬುದಕ್ಕೆ ಉತ್ತರ ಮಿಷನ್ನಿನ ವ್ಯವಸ್ಥೆಯಲ್ಲಿದೆ. 1795ರಲ್ಲಿ ಹುಟ್ಟಿದ ಲಂಡನ್ ಮಿಷನರಿ ಸೊಸೈಟಿ ಚಂದಾ ಹಣದ ಮೇಲೆ ನಡೆಯುತ್ತಿತ್ತು. ಕೊಟ್ಟವರಿಗೆ ಲೆಕ್ಕ ಒಪ್ಪಿಸಬೇಕು, ಅವರ ಉತ್ಸಾಹ ಆರದಂತೆ ನೋಡಿಕೊಳ್ಳಬೇಕು. ಹಾಗಾಗಿ ಪ್ರತಿಯೊಬ್ಬ ಮಿಷನರಿಯೂ ಲಂಡನ್ನಿನ ನಿರ್ದೇಶಕರಿಗೆ ಬರೆಯುತ್ತಲೇ ಇರಬೇಕಾಗಿತ್ತು. ಆ ಪತ್ರಗಳ ಆಯ್ದ ಭಾಗಗಳು ‘ಇವ್ಯಾಂಜೆಲಿಕಲ್ ಮ್ಯಾಗಜಿನ್’ ಮತ್ತು ಅದರ ‘ಮಿಷನರಿ ಕ್ರಾನಿಕಲ್’ನಲ್ಲಿ ಅಚ್ಚಾಗುತ್ತಿದ್ದವು. ಮೂಲ ಪತ್ರಗಳು ಇಂದು ಲಂಡನ್ನಿನ ಸೋಯಾಸ್ ಗ್ರಂಥಾಲಯದಲ್ಲಿ, ಕೌನ್ಸಿಲ್ ಫಾರ್ ವರ್ಲ್ಡ್ ಮಿಷನ್ ಸಂಗ್ರಹದಲ್ಲಿ, ಕನ್ನಡ ಪ್ರದೇಶದ ಹೆಸರಿನ ಪೆಟ್ಟಿಗೆಗಳಲ್ಲಿ ಜೋಪಾನವಾಗಿವೆ. ರಿಚರ್ಡ್ ಲವೆಟ್ 1899ರಲ್ಲಿ ಬರೆದ ಸೊಸೈಟಿಯ ಎರಡು ಸಂಪುಟಗಳ ಚರಿತ್ರೆಯೂ, ಮಿಷನರಿಗಳ ಹುಟ್ಟು, ಪ್ರಯಾಣ, ಸಾವುಗಳನ್ನು ಪಟ್ಟಿಮಾಡಿದ ಜೇಮ್ಸ್ ಸಿಬ್ರೀಯ ರಿಜಿಸ್ಟರೂ ಕೈಗೆ ಸಿಗುತ್ತವೆ. 1841ರಲ್ಲಿ ಬಳ್ಳಾರಿಯಲ್ಲಿ ತೀರಿಕೊಂಡ ಜಾನ್ ರೀಡ್ ಅವರ ಜೀವನಚರಿತ್ರೆಯನ್ನು ಗ್ಲಾಸ್ಗೋದ ರಾಲ್ಫ್ ವಾರ್ಡ್ಲಾ ನಾಲ್ಕೇ ವರ್ಷದಲ್ಲಿ ಬರೆದು ಪ್ರಕಟಿಸಿದರು. ಅದೇ ಮನೆತನದ ಜೆ. ಎಸ್. ವಾರ್ಡ್ಲಾ ಬಳ್ಳಾರಿಗೆ ಬಂದರು. 1846ರಲ್ಲಿ ಆರಂಭವಾದ ಶಾಲೆ ಇವತ್ತಿಗೂ ಆ ಹೆಸರನ್ನು ಹೊತ್ತಿದೆ.

ಈ ಪತ್ರಗಳನ್ನು ಓದುವಾಗ ಒಂದು ಎಚ್ಚರ ಬೇಕು. ಅವು ದೂರದಲ್ಲಿ ಕೂತ ಚಂದಾದಾರರನ್ನು ಮನಸ್ಸಿನಲ್ಲಿಟ್ಟು ಬರೆದವು. ಜಾತ್ರೆಯಲ್ಲಿ ಎಷ್ಟು ಪುಸ್ತಿಕೆ ಹಂಚಿದೆವು, ಸಂತೆಯಲ್ಲಿ ಜನ ಎಷ್ಟು ಆಸಕ್ತಿಯಿಂದ ಕೇಳಿದರು, ಪೂಜಾರಿಗಳ ಜೊತೆ ಏನು ವಾದವಾಯಿತು ಎಂಬುದು ಉದ್ದಕ್ಕೆ ಬರುತ್ತದೆ. ದೀಕ್ಷಾಸ್ನಾನ ಪಡೆದವರು ಮರುದಿನ ಎಲ್ಲಿ ನೀರು ತಂದರು, ಯಾವ ಕೇರಿಯಲ್ಲಿ ಇದ್ದರು, ಮಗಳಿಗೆ ಗಂಡು ಎಲ್ಲಿಂದ ತಂದರು ಎಂಬುದು ಬರುವುದು ಅಪರೂಪ. ಅದು ಬೇಕೆಂದರೆ ಬೇರೆ ಬಗೆಯ ಕಾಗದ ನೋಡಬೇಕು.

ಅಲ್ಲಿ ದಾಖಲೆ ಇಡುವ ಎರಡು ಪದ್ಧತಿಗಳಿವೆ, ಇವುಗಳ ವ್ಯತ್ಯಾಸ ತಿಳಿಯದೆ ಹುಡುಕಿದವರು ಬರಿಗೈಯಲ್ಲಿ ವಾಪಸಾಗುತ್ತಾರೆ. ದಂಡಿನ ಆಂಗ್ಲಿಕನ್ ಚರ್ಚಿನ ಚಾಪ್ಲೆನ್‌ಗಳು ಸರ್ಕಾರದ ನೌಕರರು. ಅವರು ಮಾಡಿಸಿದ ದೀಕ್ಷಾಸ್ನಾನ, ಮದುವೆ, ಹೂಳಿದ ದೇಹ ಎಲ್ಲದರ ಲೆಕ್ಕದ ನಕಲು ಮದ್ರಾಸಿಗೆ ಹೋಗುತ್ತಿತ್ತು, ಅಲ್ಲಿಂದ ಲಂಡನ್ನಿಗೆ. ಆ ಮದ್ರಾಸ್ ಪ್ರಾಂತದ ನಕಲುಗಳು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ‘ಎನ್/2’ ಎಂಬ ಸಾಲಿನಲ್ಲಿ ಕೂತಿವೆ. ಬಳ್ಳಾರಿಯಲ್ಲಿ ಸತ್ತ ಒಬ್ಬ ಗೋರಾ ಸಿಪಾಯಿಯ ಮೊಮ್ಮಕ್ಕಳ ಮೊಮ್ಮಕ್ಕಳು ಆಸ್ಟ್ರೇಲಿಯಾದಲ್ಲಿ ಕೂತು ಅವನ ಸಾವಿನ ದಿನವನ್ನು ಹುಡುಕಿ ತೆಗೆಯಬಲ್ಲರು. ಗೋರಿಗಳ ವಿಷಯದಲ್ಲೂ ಅಷ್ಟೇ: ಜೆ. ಜೆ. ಕಾಟನ್ 1905ರಲ್ಲಿ ಮದ್ರಾಸ್ ಪ್ರಾಂತದ ಸಮಾಧಿಗಳ ಮೇಲಿನ ಬರಹಗಳನ್ನು ಜಿಲ್ಲಾವಾರು ಪಟ್ಟಿಮಾಡಿದರು. ಅದರಲ್ಲಿ ಇರುವವರು ಹೆಚ್ಚಾಗಿ ಯುರೋಪಿನವರು.

ಲಂಡನ್ ಮಿಷನ್ನಿನ ಸಭೆಗಳ ರೀತಿ ಬೇರೆ. ಅವರಲ್ಲಿ ಹೆಚ್ಚಿನವರು ಕಾಂಗ್ರಿಗೇಶನಲ್ ಮತದವರು. ಪ್ರತಿ ಸಭೆಯೂ ಸ್ವತಂತ್ರ, ಮೇಲೆ ಬಿಷಪ್ ಇಲ್ಲ, ನಿರ್ಧಾರವೆಲ್ಲ ಸದಸ್ಯರದು. ಆದ್ದರಿಂದ ಪುಸ್ತಕವೂ ಸಭೆಯದೇ. ಯಾರನ್ನು ಸೇರಿಸಿಕೊಂಡರು, ಯಾರನ್ನು ಕರ್ತನ ಭೋಜನದಿಂದ ಕೆಲಕಾಲ ದೂರ ಇಟ್ಟರು, ಕೆಲಸ ಹುಡುಕಿ ಬೇರೆ ಊರಿಗೆ ಹೋಗುವಾಗ ಯಾರಿಗೆ ಪತ್ರ ಬರೆದುಕೊಟ್ಟರು, ಇವೆಲ್ಲ ಆ ಒಂದೇ ಪುಸ್ತಕದಲ್ಲಿ ಬರೆಯಲ್ಪಡುತ್ತಿದ್ದವು. ನಕಲು ಕಳಿಸಬೇಕೆಂಬ ಕಟ್ಟಳೆ ಇರಲಿಲ್ಲ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆ ಬಂದ ಮೇಲೆ ಮದುವೆಗಳ ಮಟ್ಟಿಗೆ ಸರ್ಕಾರಕ್ಕೆ ಪ್ರತಿ ಹೋಗತೊಡಗಿತು. ಮಗುವಿನ ದೀಕ್ಷಾಸ್ನಾನ, ಮುದುಕಿಯ ಸಾವು, ಸದಸ್ಯತ್ವ ಮಾತ್ರ ಸಭಾಪಾಲಕರ ಮನೆಯ ಬೀರುವಿನಲ್ಲೇ ಉಳಿದವು. ಗೆದ್ದಲು, ಮಳೆ, ಸಭಾಪಾಲಕರ ವರ್ಗಾವಣೆ, ಸಭೆಯೊಳಗಿನ ಜಗಳ ಇವುಗಳಲ್ಲಿ ಯಾವುದೊಂದು ಸಾಕು, ಐವತ್ತು ವರ್ಷದ ಬದುಕು ಅಳಿಸಿಹೋಗಲು. ಬಳ್ಳಾರಿಯ ದಾಖಲೆಗಳ ಅಸಮಾನತೆಗೆ ಮೂಲ ಇಲ್ಲಿದೆ, ಮತ್ತು ಇದು ನನಗೆ ನೋವಿನ ವಿಷಯ: ನಾಲ್ಕು ವರ್ಷ ಇದ್ದು ಹೋದವರಿಗೆ ಎರಡೆರಡು ಪ್ರತಿ, ಇನ್ನೂರು ವರ್ಷದಿಂದ ಇಲ್ಲೇ ಇರುವವರಿಗೆ ಒಂದೇ ಪುಸ್ತಕ.

ಹಾಗೆಂದು ಮೊದಲ ತಲೆಮಾರಿನ ಬದುಕು ಪೂರ್ತಿ ಮಸುಕಾಗಿದೆ ಎನ್ನುವಂತಿಲ್ಲ. ಅದನ್ನು ಉಳಿಸಿದ್ದು ಚರ್ಚಲ್ಲ, ನ್ಯಾಯಾಲಯ. ಮ್ಯಾಥ್ಯೂ ಅಬ್ರಹಾಂ ಎಂಬವರು ತಮಿಳು ಪರೆಯ ಮನೆತನದಿಂದ ಬಂದ ಕ್ರೈಸ್ತರು. ಬಳ್ಳಾರಿಯಲ್ಲಿ ವ್ಯಾಪಾರ ಮಾಡಿ, ಸಾರಾಯಿ ಬಟ್ಟಿ ಮತ್ತು ಅಬಕಾರಿ ಗುತ್ತಿಗೆಯಿಂದ ದೊಡ್ಡ ಆಸ್ತಿ ಕಟ್ಟಿದರು. ಷಾರ್ಲೆಟ್ ಫಾಕ್ಸ್ ಎಂಬ ಆಂಗ್ಲೋ-ಪೋರ್ಚುಗೀಸ್ ಮೂಲದ ಹೆಣ್ಣನ್ನು ಮದುವೆಯಾಗಿ ಇಂಗ್ಲಿಷರ ರೀತಿಯ ಉಡುಪು, ಊಟ, ಮನೆ ಇಟ್ಟುಕೊಂಡರು. 1842ರಲ್ಲಿ ಉಯಿಲಿಲ್ಲದೆ ತೀರಿಹೋದರು. ವ್ಯಾಪಾರ ನಡೆಸಿಕೊಂಡು ಬಂದ ತಮ್ಮ ಫ್ರಾನ್ಸಿಸ್‌ಗೂ ಅತ್ತಿಗೆ ಷಾರ್ಲೆಟ್‌ಗೂ ಆಸ್ತಿಯ ವ್ಯಾಜ್ಯ ಹುಟ್ಟಿತು. ನಾವು ಹಿಂದೂ ಅವಿಭಕ್ತ ಕುಟುಂಬದವರಂತೆಯೇ ಬಾಳಿದವರು, ಅಣ್ಣನ ಆಸ್ತಿಯಲ್ಲಿ ನನಗೆ ಹುಟ್ಟಿನಿಂದಲೇ ಪಾಲಿದೆ ಎಂಬುದು ತಮ್ಮನ ವಾದ. ಇಲ್ಲ, ನಾವು ಬಾಳಿದ್ದು ಈಸ್ಟ್ ಇಂಡಿಯನ್ನರ (ಮಿಶ್ರ ಮೂಲದವರ) ರೀತಿಯಲ್ಲಿ ಎಂಬುದು ಅತ್ತಿಗೆಯ ವಾದ. ಬಳ್ಳಾರಿ ಜಿಲ್ಲಾ ನ್ಯಾಯಾಲಯದಿಂದ ಮದ್ರಾಸಿನ ಸದರ್ ಅದಾಲತ್ತಿಗೆ, ಅಲ್ಲಿಂದ ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ ಹೋದ ಈ ವ್ಯಾಜ್ಯ 1863ರಲ್ಲಿ ತೀರ್ಮಾನವಾಯಿತು. ಕ್ರೈಸ್ತನಾದವನನ್ನು ಹಿಂದೂ ಕಾನೂನು ಕಡ್ಡಾಯವಾಗಿ ಕಟ್ಟಿಹಾಕುವುದಿಲ್ಲ. ಅವನು ಹಳೆಯ ರೀತಿಯನ್ನು ಇಟ್ಟುಕೊಳ್ಳಬಹುದು, ಬಿಡಬಹುದು. ಅವನು ನಿಜಕ್ಕೂ ಹೇಗೆ ಬಾಳಿದನೆಂಬುದನ್ನು ನೋಡಿ ನಿರ್ಧರಿಸಬೇಕು ಎಂದಿತು ಪ್ರಿವಿ ಕೌನ್ಸಿಲ್. ಅವಿಭಕ್ತ ಕುಟುಂಬದ ಪಾಲು ತಮ್ಮನಿಗೆ ಸಿಗಲಿಲ್ಲ. ಕಾನೂನು ಓದುವವರೆಲ್ಲ ‘ಅಬ್ರಹಾಂ ವಿರುದ್ಧ ಅಬ್ರಹಾಂ’ ಎಂದು ಓದುವುದು ಬಳ್ಳಾರಿಯ ಈ ಮನೆಯ ಜಗಳವನ್ನೇ.

ನಮಗೆ ಮುಖ್ಯವಾದದ್ದು ಆ ತೀರ್ಪಿಗಿಂತ ಅದರ ಹಿಂದಿನ ಸಾಕ್ಷಿಗಳು. ಹೇಗೆ ಬಾಳಿದರೆಂಬುದೇ ಪ್ರಶ್ನೆಯಾದ್ದರಿಂದ ಊರವರೆಲ್ಲ ಅದನ್ನೇ ಹೇಳಬೇಕಾಯಿತು: ಯಾರು ಯಾರ ಜೊತೆ ಕೂತು ಉಂಡರು, ಏನು ಉಟ್ಟರು, ಯಾವ ಮನೆಗೆ ಯಾರು ನಡೆದುಕೊಂಡರು. ಚಂದಾದಾರರಿಗೆ ಬರೆದ ಪತ್ರಗಳಲ್ಲಿ ಇಲ್ಲದ್ದೆಲ್ಲ ಇಲ್ಲಿದೆ. ಚಂದ್ರ ಮಲ್ಲಂಪಲ್ಲಿ ಈ ಕಡತಗಳನ್ನು ಆಧರಿಸಿ 2011ರಲ್ಲಿ ಇಂಗ್ಲಿಷಿನಲ್ಲಿ ಇಡೀ ಪುಸ್ತಕ ಬರೆದಿದ್ದಾರೆ. ಬಳ್ಳಾರಿಯ ಕನ್ನಡ ಓದುಗರ ಮುಂದೆ ಆ ಕತೆ ಕನ್ನಡದಲ್ಲಿ ಬರಬೇಕೆಂಬುದು ನನ್ನ ಬಲವಾದ ಆಸೆ. ಧರ್ಮ ಬದಲಿಸಿದವರ ಆಸ್ತಿಹಕ್ಕಿನ ಬಗ್ಗೆ ಇಂದೂ ನಡೆಯುವ ಚರ್ಚೆಯ ಬೇರು ನಮ್ಮ ಊರಿನಲ್ಲೇ ಇದೆ.

ಸ್ಯಾಮ್ಯುಯೆಲ್ ಫ್ಲಾವೆಲ್ ಅವರನ್ನೂ ಹೇಳದೆ ಮುಂದೆ ಹೋಗಲಾರೆ. ಹೆಸರು ಇಂಗ್ಲಿಷರದಾದರೂ ಅವರು ತಮಿಳು ಮಾತಿನ ಹಿಂದೂ ಮನೆಯಲ್ಲಿ ಹುಟ್ಟಿ ಕ್ರೈಸ್ತರಾದವರು. ಬೆಂಗಳೂರಿನಲ್ಲಿ ಕೆಲಸ ಮಾಡಿ ಬಳ್ಳಾರಿಗೆ ಬಂದರು, ಇಲ್ಲಿನ ಸಭೆಗೆ ಪಾಲಕರಾದರು, 1847ರಲ್ಲಿ ತೀರಿಕೊಂಡರು. ಒಬ್ಬ ಭಾರತೀಯ ಸಭಾಪಾಲಕ ಅಷ್ಟು ಮೊದಲೇ, ಮಿಷನರಿಗಳ ಸರಿಸಮಾನ ಗೌರವದೊಂದಿಗೆ ಈ ಊರಲ್ಲಿ ಇದ್ದರೆಂಬುದು ಸಣ್ಣ ಸಂಗತಿಯಲ್ಲ. ಬಳ್ಳಾರಿಯ ಸಭೆ ಮೊದಲಿನಿಂದಲೂ ಒಂದು ಭಾಷೆಯದಲ್ಲ: ದಂಡಿನವರಿಗೆ ಇಂಗ್ಲಿಷ್, ದಂಡಿನ ಬೆನ್ನಿಗೆ ಬಂದವರಿಗೆ ತಮಿಳು, ಪೇಟೆ ಮತ್ತು ಹಳ್ಳಿಗೆ ಕನ್ನಡ, ಪೂರ್ವದ ಕಡೆಗೆ ತೆಲುಗು. ದಾಖಲೆಗಳನ್ನು ಓದಲು ನಾಲ್ಕೂ ಬೇಕು. ಹ್ಯಾಂಡ್ಸ್ ಜೊತೆಗಿದ್ದ ಜೋಸೆಫ್ ಟೇಲರ್ 1820ರಲ್ಲಿ ಬೆಳಗಾವಿಗೆ ಹೋಗಿ ಅಲ್ಲಿ ಮಿಷನ್ ಕಟ್ಟಿದರು. ಹಾಗಾಗಿ ಬಳ್ಳಾರಿಯ ಕೆಲವು ಎಳೆಗಳು ಬೆಳಗಾವಿಯಲ್ಲೂ ಸಿಗುತ್ತವೆ.

1876–78ರ ಬರ ಈ ಎಲ್ಲ ಎಳೆಗಳನ್ನೂ ಕಡಿಯಿತು. ಮದ್ರಾಸ್ ಪ್ರಾಂತದಲ್ಲಿ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬಳ್ಳಾರಿ ಒಂದು. 1871ರ ಮತ್ತು 1881ರ ಜನಗಣತಿಯ ನಡುವೆ ಜನಸಂಖ್ಯೆಯ ಸುಮಾರು ಐದರಲ್ಲಿ ಒಂದು ಪಾಲು ಇಲ್ಲವಾಯಿತು. ಸತ್ತವರು, ಊರು ಬಿಟ್ಟವರು, ಮಿಷನ್ನಿನ ಅನಾಥಾಲಯಗಳಿಗೆ ಬಂದ ಮಕ್ಕಳು. ಹೆತ್ತವರ ಹೆಸರು ಹೇಳಲಾಗದ ವಯಸ್ಸಿನಲ್ಲಿ ಬಂದ ಮಗುವಿಗೆ ದೀಕ್ಷಾಸ್ನಾನದ ದಿನವೇ ಹೆಸರು ಸಿಕ್ಕಿತು. ಕುಟುಂಬದ ಮೂಲ ಹುಡುಕುವವರು ಆ ವರ್ಷಗಳ ಹತ್ತಿರ ಬಂದು ನಿಂತುಹೋಗುವುದು ಉಂಟು. ಅಲ್ಲಿ ದಾಖಲೆ ನಿಲ್ಲುವುದಕ್ಕೆ ಯಾರ ಅಜಾಗರೂಕತೆಯೂ ಕಾರಣವಲ್ಲ. ಆ ಬರದ ಗಾಯವೇ ಹಾಗಿದೆ.

ಇನ್ನು ಸಿರುಗುಪ್ಪ, ಕುರುಗೋಡು. ಇವೆರಡರ ಕ್ರೈಸ್ತ ಕುಟುಂಬಗಳ ಬಗ್ಗೆ ಹುಡುಕುವವರು ಮೊದಲು ಆಡಳಿತದ ಗಡಿಗಳನ್ನು ತಲೆಯಲ್ಲಿಟ್ಟುಕೊಳ್ಳಬೇಕು. 1904ರಲ್ಲಿ ಡಬ್ಲ್ಯು. ಫ್ರಾನ್ಸಿಸ್ ಬರೆದ ಬಳ್ಳಾರಿ ಗೆಜೆಟಿಯರ್‌ನಲ್ಲಿ ಎರಡೂ ಬಳ್ಳಾರಿ ತಾಲ್ಲೂಕಿನ ಊರುಗಳು. ಸಿರುಗುಪ್ಪ ತುಂಗಭದ್ರೆಯ ದಡದ ನೀರಾವರಿ ಊರು, ಕುರುಗೋಡು ಬೆಟ್ಟದ ಬುಡದ ಕೋಟೆಯೂರು, ದೊಡ್ಡಬಸವೇಶ್ವರನ ಜಾತ್ರೆಯ ಊರು. ಮಿಷನ್ನಿನ ಲೆಕ್ಕದಲ್ಲೂ ಹಳ್ಳಿಗಳ ಕೆಲಸ ಬಹುಪಾಲು ‘ಬಳ್ಳಾರಿ’ ಎಂಬ ಒಂದೇ ತಲೆಬರಹದ ಕೆಳಗೆ ಅಡಗಿರುತ್ತದೆ. ಉಪದೇಶಿಗಳು ಸಂತೆ, ಜಾತ್ರೆ ನೋಡಿಕೊಂಡು ಓಡಾಡುತ್ತಿದ್ದರು. ಬಿಸಿಲಿಳಿದ ಮೇಲೆ ಊರಿಂದೂರಿಗೆ ನಡೆಯುವ ಆ ಸಂಚಾರಗಳ ವರದಿಗಳಲ್ಲಿ ಈ ಊರುಗಳ ಹೆಸರು ಇಂಗ್ಲಿಷರ ಕಿವಿಗೆ ಬಿದ್ದ ಹಾಗೆ ಒಂದೊಂದು ಕಡೆ ಒಂದೊಂದು ರೀತಿ ಬರೆಯಲ್ಪಟ್ಟಿರುತ್ತದೆ. ಸಿರುಗುಪ್ಪದ ಹತ್ತಿರದ ತೆಕ್ಕಲಕೋಟೆಯನ್ನೂ ಕುರುಗೋಡನ್ನೂ ಇಂದಿನ ಕಾಗುಣಿತದಲ್ಲಿ ಹುಡುಕಿದರೆ ಸಿಗಲಾರವು.

ಇದರ ಮೇಲೆ ಇನ್ನೊಂದು ಪದರ ಇದೆ. ತುಂಗಭದ್ರಾ ಅಣೆಕಟ್ಟಿನ ಕಾಲುವೆಗಳಲ್ಲಿ 1950ರ ದಶಕದಲ್ಲಿ ನೀರು ಹರಿಯತೊಡಗಿದ ಮೇಲೆ ಕರಾವಳಿ ಆಂಧ್ರದಿಂದ ರೈತರು ಬಂದು ಸಿರುಗುಪ್ಪದ ಸುತ್ತ ಕ್ಯಾಂಪುಗಳನ್ನು ಕಟ್ಟಿದರು. ಅವರ ಜೊತೆ, ಅವರ ಗದ್ದೆಗಳ ಕೂಲಿಗೆ ಬಂದವರ ಜೊತೆ ತೆಲುಗಿನ ಪ್ರಾರ್ಥನೆ, ತೆಲುಗಿನ ಹಾಡು ಬಂದವು. ಇವರ ಹಿಂದಿನ ದಾಖಲೆಗಳು ಗುಂಟೂರು, ಕೃಷ್ಣಾ ಸೀಮೆಯ ಲುಥೆರನ್ ಮತ್ತು ಬ್ಯಾಪ್ಟಿಸ್ಟ್ ಮಿಷನ್ನುಗಳ ಕಡೆಗೆ ಕರೆದೊಯ್ಯಬಹುದು. ಒಂದೇ ಬೀದಿಯಲ್ಲಿ ಇರುವ ಎರಡು ಸಭೆಗಳ ಮೂಲ ನೂರೈವತ್ತು ವರ್ಷ, ಐನೂರು ಕಿಲೋಮೀಟರ್ ದೂರದಲ್ಲಿ ಇರುವುದು ಸಿರುಗುಪ್ಪ ತಾಲ್ಲೂಕಿನಲ್ಲಿ ಸಾಧ್ಯ. ಎರಡನ್ನೂ ‘ಲಂಡನ್ ಮಿಷನ್ನಿನವು’ ಎಂದು ಬರೆದುಬಿಟ್ಟರೆ ಇಬ್ಬರಿಗೂ ಅನ್ಯಾಯ.

ಗಡಿ ಬದಲಾದಂತೆಲ್ಲ ಕಾಗದವೂ ಚದುರಿತು. 1882ರಲ್ಲಿ ಅನಂತಪುರ ಬೇರೆ ಜಿಲ್ಲೆಯಾಯಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. 2021ರಲ್ಲಿ ಹೊಸಪೇಟೆಯ ಕಡೆಯ ಭಾಗ ವಿಜಯನಗರ ಜಿಲ್ಲೆಯಾಯಿತು. ಕಲೆಕ್ಟರ್ ಕಚೇರಿಯ ಹಳೆಯ ಕಡತಗಳು ಚೆನ್ನೈನ ಎಗ್ಮೋರಿನ ಪತ್ರಾಗಾರದಲ್ಲಿವೆ. ಶಾಲೆಗೆ ಜಾಗ, ಚರ್ಚಿಗೆ ಜಾಗ, ಸಮಾಧಿ ಭೂಮಿಗೆ ಜಾಗ ಕೇಳಿದ ಅರ್ಜಿಗಳನ್ನು ಹುಡುಕಬೇಕಾದದ್ದು ಅಲ್ಲಿ. ಸಭೆಗಳ ಒಡೆತನವೂ ಬದಲಾಯಿತು: 1908ರಲ್ಲಿ ದಕ್ಷಿಣ ಭಾರತ ಐಕ್ಯ ಸಭೆ, 1947ರ ಸೆಪ್ಟೆಂಬರ್ 27ರಂದು ಚರ್ಚ್ ಆಫ್ ಸೌತ್ ಇಂಡಿಯಾ. ಪ್ರತಿ ಸಲವೂ ಕೆಲವು ಪುಸ್ತಕ ಹೊಸ ಕಚೇರಿಗೆ ಹೋದವು, ಕೆಲವು ಹಳೆಯ ಬೀರುವಿನಲ್ಲಿ ಉಳಿದವು. ಬೆಂಗಳೂರಿನಲ್ಲಿ 1910ರಲ್ಲಿ ಆರಂಭವಾದ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನ ಪತ್ರಾಗಾರವೂ ನೋಡಬೇಕಾದ ಜಾಗ.

ಮಿಷನರಿಗಳೆಲ್ಲ ಒಂದೇ ಧ್ವನಿಯವರೆಂದು ಭಾವಿಸಬಾರದು. ಬಳ್ಳಾರಿಯಲ್ಲಿ ಬಹುಕಾಲ ಇದ್ದ ಬರ್ನಾರ್ಡ್ ಲೂಕಸ್ 1907ರಲ್ಲಿ ‘ದಿ ಎಂಪೈರ್ ಆಫ್ ಕ್ರೈಸ್ಟ್’, 1914ರಲ್ಲಿ ‘ಅವರ್ ಟಾಸ್ಕ್ ಇನ್ ಇಂಡಿಯಾ’ ಬರೆದು, ಹಿಂದೂಗಳನ್ನು ಮತಾಂತರಿಸುವುದೇ ಮಿಷನ್ನಿನ ಗುರಿಯೇ ಎಂದು ತಮ್ಮವರನ್ನೇ ಕೇಳಿದರು. ಈ ಪ್ರಶ್ನೆ ನಮ್ಮ ಊರಿನ ಅನುಭವದಿಂದ ಎದ್ದದ್ದು. ಸಭೆಯ ಚರಿತ್ರೆ ಬರೆಯುವವರು ಲೂಕಸ್ ಅವರನ್ನು ಬಿಡಬಾರದು, ಅವರ ಮಾತನ್ನು ಇಂದಿನ ವಾದಗಳಿಗೆ ಆಯುಧ ಮಾಡಿಕೊಳ್ಳಲೂಬಾರದು.

ಸಣ್ಣ ಊರುಗಳ ಚರ್ಚ್ ದಾಖಲೆ ಉಳಿಸುವ ಕೆಲಸ ಬೇರೆ ಕಡೆ ಹೇಗಾಯಿತೆಂದು ನೋಡಿದರೆ ಧೈರ್ಯ ಬರುತ್ತದೆ. ಅಮೆರಿಕದಲ್ಲಿ 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ಸರ್ಕಾರ ಕೆಲಸವಿಲ್ಲದ ಗುಮಾಸ್ತರು, ಮೇಷ್ಟ್ರುಗಳಿಗೆ ಸಂಬಳ ಕೊಟ್ಟು ‘ಹಿಸ್ಟಾರಿಕಲ್ ರೆಕಾರ್ಡ್ಸ್ ಸರ್ವೆ’ ನಡೆಸಿತು. ಅವರು ಕೌಂಟಿ ಕೌಂಟಿಗೆ ಹೋಗಿ ಹಳ್ಳಿಯ ಚರ್ಚುಗಳಲ್ಲಿ ಯಾವ ಪುಸ್ತಕ ಇದೆ, ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾರ ಬಳಿ ಇದೆ ಎಂದು ಪಟ್ಟಿಮಾಡಿದರು. ಮೂಲವನ್ನು ಯಾರಿಂದಲೂ ಕಿತ್ತುಕೊಳ್ಳಲಿಲ್ಲ. ಆ ಪಟ್ಟಿಗಳು ಸ್ಥಳೀಯ ಚರಿತ್ರೆ ಬರೆಯುವವರಿಗೆ ನೆರವಾದವು. ಬಳ್ಳಾರಿ ಸೀಮೆಗೆ ಬೇಕಾದದ್ದೂ ಮೊದಲು ಅಂಥ ಪಟ್ಟಿಯೇ. ಪುಸ್ತಕ ಯಾರ ಮನೆಯಲ್ಲಿದೆಯೋ ಅಲ್ಲೇ ಇರಲಿ. ಪ್ರತಿ ಪುಟದ ಚಿತ್ರ ತೆಗೆದು, ಒಂದು ಪ್ರತಿ ಸಭೆಗೆ, ಒಂದು ಪ್ರತಿ ಬಳ್ಳಾರಿಯಲ್ಲೇ ಇರುವ ಯಾವುದಾದರೂ ವಿಶ್ವಾಸದ ಗ್ರಂಥಾಲಯಕ್ಕೆ ಸೇರಲಿ. ಬ್ರಿಟಿಷ್ ಲೈಬ್ರರಿಯ ಎಂಡೇಂಜರ್ಡ್ ಆರ್ಕೈವ್ಸ್ ಯೋಜನೆ 2004ರಿಂದ ಇಂಥ ಕೆಲಸಕ್ಕೆ ನೆರವು ಕೊಡುತ್ತ ಬಂದಿದೆ.

ಒಂದು ಹಿಂಜರಿಕೆ ಸಭೆಗಳಲ್ಲಿ ಇರುವುದು ಸಹಜ, ಅದನ್ನು ಗೌರವಿಸಬೇಕು. ಹಳೆಯ ಪುಸ್ತಕಗಳಲ್ಲಿ ಜಾತಿ ಬರೆದಿರಬಹುದು, ಶಿಸ್ತಿನ ಕ್ರಮಗಳಿರಬಹುದು, ಯಾರದೋ ಮನೆಯ ಹೇಳಬಾರದ ಸಂಗತಿ ಇರಬಹುದು. ಧರ್ಮದ ಬಗ್ಗೆ ಜಗಳಗಳು ನಡೆಯುವ ಕಾಲದಲ್ಲಿ ಪಟ್ಟಿ ಎಂದರೆ ಭಯವೂ ಆಗುತ್ತದೆ. ನೂರು ವರ್ಷದೊಳಗಿನ ಹೆಸರುಗಳನ್ನು ಮುಚ್ಚಿಟ್ಟು, ಅದಕ್ಕೂ ಹಿಂದಿನದನ್ನಷ್ಟೇ ತೆರೆಯುವ ಒಪ್ಪಂದ ಮೊದಲೇ ಬರಹದಲ್ಲಿ ಆಗಲಿ. ಪುಸ್ತಕದ ಜೊತೆಗೆ ಹಿರಿಯರನ್ನೂ ಕೂರಿಸಿಕೊಂಡು ಓದಬೇಕು. ಅಳಿದುಹೋದ ಕೇರಿಗಳ ಹೆಸರು, ತಪ್ಪು ಕಾಗುಣಿತದ ಹಳ್ಳಿ, ‘ಮೇರಿ’ ಎಂದು ಬರೆದ ಅಜ್ಜಿಯನ್ನು ಮನೆಯಲ್ಲಿ ಏನೆಂದು ಕರೆಯುತ್ತಿದ್ದರು ಎಂಬುದು ಅವರಿಗಷ್ಟೇ ಗೊತ್ತು. ಈ ಕೆಲಸವನ್ನು ಬಳ್ಳಾರಿ ನಗರದ ಬದಲು ಸಿರುಗುಪ್ಪ, ಕುರುಗೋಡಿನ ಹಳ್ಳಿ ಸಭೆಗಳಿಂದ ಶುರುಮಾಡುವುದು ಒಳ್ಳೆಯದು. ನಗರದ ಸಭೆಗಳಿಗೆ ಲಂಡನ್ನಿನಲ್ಲಿ ಒಂದಿಷ್ಟಾದರೂ ನೆರಳು ಪ್ರತಿ ಇದೆ. ಹಳ್ಳಿಯ ಪುಸ್ತಕ ಹೋದರೆ ಅದಕ್ಕೆ ಬದಲಿ ಯಾವ ಪತ್ರಾಗಾರದಲ್ಲೂ ಇಲ್ಲ.